‘ಉಂಡೇನ್ಲಾ’ ಎಂದು ಕೇಳಿದ ಮನುಷ್ಯ

ನಾನು ಕೈ ತೊಳೆಯುತ್ತಿದ್ದೆ. ಇದೊಂದನ್ನು ಮಾತ್ರ ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ.

ಆಂಧ್ರದ ಕಲ್ಯಾಣದುರ್ಗದ ಒಂದು ಮದುವೆ ಮಂಟಪದಲ್ಲಿ ಅವತ್ತು ನನ್ನ ಗಂಡನ ದೊಡ್ಡಪ್ಪನ ಮೊಮ್ಮಗಳಿಗೆ ನಾಮಕರಣ. ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಹಿಂದೂಪುರದಿಂದ ನಾನೂ ಅತ್ತೆಯೂ ಬಸ್ಸಿನಲ್ಲಿ ಬಂದಿದ್ದೆವು. ಊಟದ ಹಾಲಿನ ಹಿಂದೆ ಗೋಡೆಯುದ್ದಕ್ಕೂ ನಲ್ಲಿಗಳ ಸಾಲು. ನಾನು ಕೊನೆಯ ನಲ್ಲಿಯಲ್ಲಿದ್ದೆ. ಪಕ್ಕದ್ದು ಕೆಟ್ಟಿತ್ತು. ಅದರಾಚೆಯದಕ್ಕೆ ಒಬ್ಬ ರಾಜಕೀಯ ನಾಯಕರು ಬಂದರು. ಆ ಕಡೆ ಅವರ ಮುಖ ಗೊತ್ತಿಲ್ಲದವರು ಯಾರೂ ಇಲ್ಲ. ಪ್ರತಿ ಸರ್ಕಲ್ಲಿನ ಫ್ಲೆಕ್ಸಿನಲ್ಲೂ ಕೈ ಮುಗಿದು ನಿಂತಿರುತ್ತಿದ್ದರು. ಪಂಚೆಯ ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ನನ್ನ ಕಡೆ ತಿರುಗಿ, "ನೀಳ್ಳು ವಸ್ತುನ್ನಾಯಾ ಅಮ್ಮಾ?" ಎಂದರು. ನೀರು ಬರುತ್ತಿದೆಯೇ ಎಂದು. ಬರುತ್ತಿದೆ ಎಂದು ತಲೆಯಾಡಿಸಿದೆ. ಅವರ ಗನ್‌ಮ್ಯಾನ್ ಇನ್ನೂ ಎಲೆಯ ಮುಂದೆ ಕೂತು ಮಜ್ಜಿಗೆಗೆ ಕಾಯುತ್ತಿದ್ದನಂತೆ.

ಪಟ್ ಎಂದಿತು. ಅಲಂಕಾರಕ್ಕೆ ಕಟ್ಟಿದ್ದ ಬಲೂನು ಒಡೆಯಿತೆಂದುಕೊಂಡೆ. ಇನ್ನೊಮ್ಮೆ ಪಟ್ ಎಂದಾಗ ಎದುರಿನ ಟೈಲ್ಸ್ ಚೂರಾಗಿ ನನ್ನ ಕೆನ್ನೆಗೆ ಬಡಿಯಿತು. ನಾಯಕರು ಗೋಡೆಗೆ ಬೆನ್ನು ಕೊಟ್ಟು ಕೂತರು. ಬಿದ್ದರು ಎಂದೇ ಎಲ್ಲರೂ ಹೇಳುತ್ತಾರೆ, ನಾನು ಕಂಡದ್ದು ಕೂತದ್ದು. ತಿರುಗಿದರೆ, ವೀಳ್ಯದೆಲೆಯ ಮೇಜಿನ ಹತ್ತಿರ ಪಿಸ್ತೂಲು ಹಿಡಿದು ನಿಂತಿದ್ದವನು ನಮ್ಮ ಬೀದಿಯ ಫ್ಲೆಕ್ಸ್ ಅಂಗಡಿಯವನು. ಹಿಂದೂಪುರದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಅಡ್ಮಿಷನ್ ಬ್ಯಾನರನ್ನು ಪ್ರತಿ ವರ್ಷ ಪ್ರಿಂಟ್ ಹಾಕಿಕೊಡುವವನು. ಅವನ ಹೆಂಡತಿ ನನ್ನ ರವಿಕೆ ಹೊಲಿಯುವವಳು. ಅವನೂ ನನ್ನನ್ನು ನೋಡಿದ. ಗುರುತು ಹಿಡಿದನೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ, ಇವನನ್ನು ಇಲ್ಲಿಗೂ ಬ್ಯಾನರ್ ಕಟ್ಟಲು ಕರೆಸಿದ್ದಾರೆ ಎಂದುಕೊಂಡೆ. ಕೈಯಲ್ಲಿ ಪಿಸ್ತೂಲು ಕಂಡ ಮೇಲೂ ಹಾಗೆಯೇ ಅಂದುಕೊಂಡೆ.

ಜನ ಅವನ ಮೇಲೆ ಬಿದ್ದರು. ಅತ್ತೆ ಬಂದು ನನ್ನ ರಟ್ಟೆ ಹಿಡಿದು ಎಳೆಯುವವರೆಗೂ ನಾನು ನಲ್ಲಿಯ ಕೆಳಗೆ ಕೈ ಹಿಡಿದೇ ಇದ್ದೆನಂತೆ.

"ಬಾರಮ್ಮ ಈಚೆಗೆ! ಇನ್ನೂ ಏನು ತೊಳಿತಾ ಇದ್ದೀಯಾ?"

ನಾಯಕರನ್ನು ಗುಂಡಿಟ್ಟು ಕೊಂದವನು ಯಾರು ಎಂಬ ಬಗ್ಗೆ ಅವತ್ತಿನಿಂದ ಇವತ್ತಿನವರೆಗೆ ಯಾರಿಗೂ ತಕರಾರಿಲ್ಲ. ಅವನೇ ಒಪ್ಪಿಕೊಂಡಿದ್ದಾನೆ. ತಕರಾರು ಇರುವುದು ಅದಕ್ಕೂ ಸ್ವಲ್ಪ ಮುಂಚೆ ನನ್ನ ಕಿವಿಗೆ ಬಿದ್ದ ಒಂದು ಮಾತಿನ ಬಗ್ಗೆ.

ಬಸ್ಸಿಳಿದಾಗ ಅತ್ತೆಗೆ ತಲೆ ಸುತ್ತುತ್ತಿತ್ತು. ಮಂಟಪದ ಎದುರಿನ ಟೀ ಅಂಗಡಿಯಲ್ಲಿ ಅವರನ್ನು ಕೂರಿಸಿ ನಿಂಬೆ ಸೋಡಾ ಕೊಡಿಸುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಫ್ಲೆಕ್ಸ್ ಅಂಗಡಿಯವನು ನಮಗೆ ಬೆನ್ನು ಮಾಡಿ ಕೂತಿದ್ದ. ಮಾತಾಡಿಸೋಣ ಎಂದುಕೊಳ್ಳುವಷ್ಟರಲ್ಲಿ, ತಲೆ ನರೆತ, ಗರಿಮುರಿ ಅಂಗಿಯ ದಪ್ಪನೆಯ ಮನುಷ್ಯನೊಬ್ಬ ಬಂದು ಅವನ ಪಕ್ಕ ಕೂತು, "ಉಂಡೇನ್ಲಾ?" ಎಂದ. ಇವನು, "ಇನ್ನೂ ಇಲ್ಲ" ಎಂದ. ಅಷ್ಟರಲ್ಲಿ ಅತ್ತೆ ವಾಂತಿ ಬರುತ್ತದೆಂದರು. ಅವರನ್ನು ಚರಂಡಿಯ ಹತ್ತಿರ ಕರೆದುಕೊಂಡು ಹೋದೆ. ಹಿಂದಿರುಗಿ ಬಂದಾಗ ಬೆಂಚು ಖಾಲಿ.

ಇದರಲ್ಲೇನಿದೆ ಎನ್ನಿಸಬಹುದು. ನಮ್ಮ ಕಡೆ ಇರುವವರಿಗೆ ಅನ್ನಿಸುವುದಿಲ್ಲ. ಹಿಂದೂಪುರದಲ್ಲಿ ನಮ್ಮಂಥವರ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ಗುರುತಿಲ್ಲದವರ ಜೊತೆ ಯಾರೂ ಕನ್ನಡದಲ್ಲಿ ಬಾಯಿ ತೆರೆಯುವುದಿಲ್ಲ. ಮೊದಲು ತೆಲುಗಿನಲ್ಲಿ ಯಾವೂರು, ಯಾರ ಕಡೆಯವರು ಎಂದು ವಿಚಾರಿಸಿ, "ಓ, ನಮ್ಮೋರೇನಾ" ಎಂದಾದ ಮೇಲೆ ಕನ್ನಡ. ಕಲ್ಯಾಣದುರ್ಗದಲ್ಲಂತೂ ಇನ್ನೂ ಹೆಚ್ಚು. ಅಂಥ ಕಡೆ ಒಬ್ಬ ಮನುಷ್ಯ ಬಂದು ಕೂತು, ನೇರವಾಗಿ ಕನ್ನಡದಲ್ಲಿ, ಅದೂ ಏಕವಚನದಲ್ಲಿ ಊಟ ಆಯಿತೇ ಎಂದು ಕೇಳುತ್ತಾನೆಂದರೆ ಅವರಿಬ್ಬರಿಗೂ ಮೊದಲೇ ಪರಿಚಯವಿದೆ. ಆ ಕ್ಷಣಕ್ಕೆ ನನಗೆ ಹಾಗೆ ಅನ್ನಿಸಿತು ಎಂದೂ ಹೇಳಲಾರೆ. ಅನ್ನಿಸುವ ಅಗತ್ಯವೇ ಬರಲಿಲ್ಲ, ಅಷ್ಟು ಸಹಜವಾಗಿತ್ತು.

ಪೊಲೀಸರಿಗೆ ಅವತ್ತೇ ಎಲ್ಲ ಹೇಳಿದೆ. "ಮೀರು ಚದುವುಕುನ್ನವಾಳ್ಳು ಮೇಡಂ, ಕರೆಕ್ಟ್‌ಗಾ ಚೆಪ್ಪಂಡಿ" ಎಂದು ಎಸ್ಸೈ ಗೌರವದಿಂದಲೇ ಕೇಳಿದ್ದ. ಓದಿದವರು, ಸರಿಯಾಗಿ ಹೇಳಿ ಎಂದು. ಸರಿಯಾಗಿ ಹೇಳಿದ್ದೇನೆಂದೇ ನಂಬಿದ್ದೆ. ಟೀ ಅಂಗಡಿಯ ವಿಷಯ ಬಂದಾಗ ಅವನು ಬರೆಯುವುದನ್ನು ನಿಲ್ಲಿಸಿ, "ಊಟ ಆಯ್ತಾ ಅಂತ ಕೇಳಿದ, ಅಷ್ಟೇ ತಾನೇ?" ಎಂದು ತೆಲುಗಿನಲ್ಲೇ ಕೇಳಿದ. ಹೌದು, ಅಷ್ಟೇ ಎಂದೆ.

ಆಮೇಲೆ ಶುರುವಾಯಿತು. ಜೈಲಿನಿಂದ ಫ್ಲೆಕ್ಸ್ ಅಂಗಡಿಯವನ ಹೇಳಿಕೆ ವಕೀಲರ ಮೂಲಕ ಹೊರಗೆ ಬಂತು. ಬಹಳ ಕಾಲದಿಂದ ತಾನು ಗುಪ್ತಚರದವರಿಗೆ ಸುದ್ದಿ ಕೊಡುತ್ತಿದ್ದೆ, ತನ್ನಿಂದ ಸುದ್ದಿ ತಗೊಳ್ಳುತ್ತಿದ್ದ ಆ ನರೆಗೂದಲಿನವನೇ ಪಿಸ್ತೂಲು ಕೊಟ್ಟ, ಅವನೇ ಕಳಿಸಿದ, ಅವತ್ತು ಟೀ ಅಂಗಡಿಯಲ್ಲೂ ಜೊತೆಗಿದ್ದ ಎಂದು. ಪೊಲೀಸರು ಹೇಳುವುದು ಬೇರೆ. ಒಂದು ಫ್ಲೆಕ್ಸಿನಲ್ಲಿ ಬೇರೆಯವರ ಫೋಟೋಕ್ಕಿಂತ ನಾಯಕರ ಫೋಟೋ ಚಿಕ್ಕದಾಯಿತೆಂದು ಅವರ ಕಡೆಯ ಹುಡುಗರು ಇವನನ್ನು ಅಂಗಡಿಯ ಮುಂದೆಯೇ ಚಪ್ಪಲಿಯಲ್ಲಿ ಹೊಡೆದಿದ್ದರು. ಅದರ ಸೇಡು, ಒಬ್ಬನೇ ಮಾಡಿದ್ದು ಎಂದು. ಚಪ್ಪಲಿಯಲ್ಲಿ ಹೊಡೆದದ್ದು ನಿಜ. ನಮ್ಮ ಬೀದಿಯೆಲ್ಲ ನೋಡಿದೆ.

ನರೆಗೂದಲಿನವನನ್ನೂ ಟೀವಿಯವರು ಹುಡುಕಿದರು. ಅವನು ಪೊಲೀಸ್ ಇಲಾಖೆಯಿಂದ ನಿವೃತ್ತನಾದವನಂತೆ. ಯಾವ ಗುಪ್ತಚರಕ್ಕೂ ತನಗೂ ಸಂಬಂಧವಿಲ್ಲ, ಆ ಹುಡುಗನನ್ನು ಹಿಂದೆಂದೂ ನೋಡಿಲ್ಲ, ನಾಮಕರಣದ ಊಟಕ್ಕೆ ಬಂದಿದ್ದೆ, ಬೆಂಚಿನಲ್ಲಿ ಕೂತವನನ್ನು ಮರ್ಯಾದೆಗೆ ಉಂಡೆಯಾ ಎಂದು ಕೇಳಿದೆ ಎಂದ. ಅವನನ್ನು ಕರೆದವರು ಯಾರು ಎಂದು ವಿಚಾರಿಸಿದರೆ, ನಮ್ಮ ಕಡೆಯವರು ಅವನನ್ನು ಮಗುವಿನ ತಾಯಿಯ ಕಡೆಯವನೆಂದುಕೊಂಡಿದ್ದರು, ತಾಯಿಯ ಕಡೆಯವರು ನಮ್ಮ ಕಡೆಯವನೆಂದುಕೊಂಡಿದ್ದರು. ಎರಡೂ ಕಡೆಯವರು ಒತ್ತಾಯ ಮಾಡಿ ಹೋಳಿಗೆ ಬಡಿಸಿದ್ದರು.

"ಇನ್ನೆರಡು ಹಾಕ್ಸಿದ್ದು ನಾನೇ ಕಣಮ್ಮ" ಎಂದು ಅತ್ತೆ ಹಣೆ ಚಚ್ಚಿಕೊಂಡರು. "ಬೆಳುಗುಪ್ಪದ ಬೀಗ್ರು ಅಂದ್ಕೊಂಡ್ಬುಟ್ಟೆ. ತುಪ್ಪಾನೂ ಸುರುದ್ಬುಟ್ಟೆ!"

ನಗು ಬಂತು. ನಕ್ಕು ಮುಗಿಯುವ ಮೊದಲೇ ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿದೆ. ಆ ದಿನಗಳಲ್ಲಿ ಹಾಗೇ ಆಗುತ್ತಿತ್ತು. ಮನೆಯಲ್ಲಿ ಕುಕ್ಕರ್ ಕೂಗಿದರೂ ಕೆನ್ನೆ ಮುಟ್ಟಿಕೊಳ್ಳುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಒಂದು ಫೋನ್ ಬಂತು. "ಬಾಗುನ್ನಾರಾ ಮೇಡಂ?" ಎಂದು ಒಂದು ಗಂಡು ದನಿ ಚೆನ್ನಾಗಿದ್ದೀರಾ ಎಂದು ಕೇಳಿ, ನಾನು ಯಾರು ಎನ್ನುವಷ್ಟರಲ್ಲಿ ಇಟ್ಟುಬಿಟ್ಟಿತು. ವಿದ್ಯಾರ್ಥಿಗಳ ತಂದೆ ತಾಯಂದಿರೂ ಹಾಗೆ ಮಾಡುತ್ತಾರೆ, ಫೋನು ಕೆಟ್ಟರೂ ಹಾಗಾಗುತ್ತದೆ. ಹೆದರಿಸಲು ಮಾಡಿದ್ದಾದರೂ ಹಾಗೇ ಇರುತ್ತದೆ. ಯಾವುದೆಂದು ಹೇಗೆ ತಿಳಿಯುವುದು?

ನಾನು ಗಣಿತ ಓದಿದವಳು. ಒಂದೊಂದನ್ನೇ ಬಿಡಿಸಿ ನೋಡೋಣ ಎಂದು ಕೂತೆ. ಅವನು ಗುಪ್ತಚರದವರಿಗೆ ಸುದ್ದಿ ಕೊಡುತ್ತಿದ್ದನೇ? ಕೊಟ್ಟಿದ್ದರೆ ಆಶ್ಚರ್ಯವಿಲ್ಲ. ಯಾವ ನಾಯಕರು ಯಾವ ಊರಿಗೆ ಯಾವತ್ತು ಬರುತ್ತಾರೆಂಬುದು ಪೊಲೀಸರಿಗಿಂತ ಮೊದಲು ಫ್ಲೆಕ್ಸ್ ಅಂಗಡಿಗೆ ಗೊತ್ತಾಗುತ್ತದೆ. ಸ್ವಾಗತದ ಬ್ಯಾನರ್ ಆರ್ಡರ್ ಆದ ಮೇಲೇ ತಾನೇ ಅನುಮತಿಯ ಅರ್ಜಿ. ಹಾಗಾಗಿ ಎಲ್ಲ ಪಕ್ಷದವರೂ, ಮಫ್ತಿಯವರೂ ಆ ಅಂಗಡಿಗಳ ಮುಂದೆ ಟೀ ಕುಡಿಯುತ್ತಾ ನಿಂತಿರುತ್ತಾರೆ. ಹಾಗೆಂದು ಹಿಂದೂಪುರದ ಫ್ಲೆಕ್ಸ್ ಅಂಗಡಿಯವರೆಲ್ಲ ಗೂಢಚಾರರೇ? ಇನ್ನೊಂದು ಮಾತೂ ಇದೆ. ಇವನಿಗೆ ಜಂಬ ಹೆಚ್ಚು. ನಮ್ಮ ಪ್ರಿನ್ಸಿಪಾಲರ ಮುಂದೆಯೇ ಒಮ್ಮೆ, "ನಮ್ಗೂ ಮ್ಯಾಲ್ಗಡೆ ಕಾಂಟ್ಯಾಕ್ಟ್ ಅವೆ ಸಾರ್, ಯೇಳ್ಕೊಳಂಗಿಲ್ಲ ಅಷ್ಟೇ" ಎಂದಿದ್ದ. ಆಗ ನಕ್ಕಿದ್ದೆವು. ನಿಜವಾಗಿ ಸಂಬಂಧ ಇರುವವನು ಹೇಳಿಕೊಳ್ಳುತ್ತಾನೆಯೇ ಎಂದು ಈಗ ಯೋಚಿಸುತ್ತೇನೆ. ಹೇಳಿಕೊಂಡರೆ ಯಾರೂ ನಂಬುವುದಿಲ್ಲವೆಂದು ತಿಳಿದೇ ಹೇಳಿಕೊಂಡನೋ ಎಂದೂ ಯೋಚಿಸುತ್ತೇನೆ.

ಸುದ್ದಿ ಕೊಡುತ್ತಿದ್ದ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಅವನು ಏನು ಮಾಡಲಿದ್ದಾನೆಂದು ಅವರಿಗೆ ತಿಳಿದಿತ್ತೇ? ತಿಳಿದೂ ಸುಮ್ಮನಿದ್ದರೆ? ಸುಮ್ಮನಿರುವುದು ಬೇರೆ, ಕಳಿಸುವುದು ಬೇರೆ. ಕಳಿಸುವವನು ಹಾಡುಹಗಲೇ ಮಂಟಪದ ಎದುರು ಬಂದು, ಕೊಲ್ಲಲು ಹೊರಟವನ ಪಕ್ಕ ಕೂತು ಉಂಡೆಯಾ ಎಂದು ಕೇಳುತ್ತಾನೆಯೇ? ಕೇಳುವುದಿಲ್ಲ ಎಂದೇ ಜನ ಹೇಳುತ್ತಾರೆಂಬ ಧೈರ್ಯದಿಂದ ಕೇಳಿದನೇ? ಇಲ್ಲಿಗೆ ಬಂದಾಗ ನನ್ನ ತಲೆ ನಿಂತುಬಿಡುತ್ತಿತ್ತು. ಹೌದೆನ್ನುವುದಕ್ಕೂ ಇಲ್ಲವೆನ್ನುವುದಕ್ಕೂ ಅದೇ ಸಾಕ್ಷಿ ಸಾಕಾಗುತ್ತಿತ್ತು. ಗಣಿತದಲ್ಲಿ ಹಾಗಾದರೆ ಲೆಕ್ಕವೇ ತಪ್ಪು ಎನ್ನುತ್ತೇವೆ.

ಫ್ಲೆಕ್ಸ್ ಅಂಗಡಿಯವನ ಹೆಂಡತಿ ಮನೆಗೆ ಬಂದಳು. ಅಳತೆಗೆ ಕೊಟ್ಟಿದ್ದ ರವಿಕೆ ವಾಪಸು ಕೊಡುವ ನೆಪ. ಮುಖ ಇಳಿದುಹೋಗಿತ್ತು. ಅತ್ತೆ ಒಳಗಿನಿಂದ ಕೇಳಿಸುವ ಹಾಗೆ ಪಾತ್ರೆ ಕುಕ್ಕಿದರು.

"ಅಕ್ಕಾ, ನಮ್ಮೆಜಮಾನ್ರು ತಪ್ಪು ಮಾಡವ್ರೆ. ನಾನು ಇಲ್ಲ ಅನ್ನಲ್ಲ. ಆದ್ರೆ ಒಬ್ರೇ ಮಾಡಿಲ್ಲ ಕಣಕ್ಕ. ಲಾಯರ್ರು ಯೇಳ್ತಾರೆ, ಅವರಿಬ್ರಿಗೂ ಗುರ್ತಿತ್ತು ಅಂತ ಒಬ್ರಾದ್ರೂ ಕೋರ್ಟ್ನಾಗೆ ಯೇಳಿದ್ರೆ ಕೇಸು ಆ ಕಡೀಕೂ ತಿರುಗ್ತೈತಂತೆ. ಇಲ್ದಿದ್ರೆ ನೇಣೋ ಏನೋ. ನೋಡ್ದೋರು ನೀನೊಬ್ಳೇ."

"ನೋಡಿದ್ದಲ್ಲಮ್ಮ, ಕೇಳಿದ್ದು" ಎಂದೆ.

"ಅದೇ ಅಕ್ಕ. ನಮ್ಮೋರ ಅಂಗಡಿ ಫೋನೆಲ್ಲ ತೆಲುಗ್ನಾಗೇ. ಒಬ್ರತ್ರ ಮಾತ್ರ ಕನ್ನಡ. ಆ ಫೋನ್ ಬಂದ್ರೆ ಮಹಡಿ ಮ್ಯಾಕೆ ಹೋಗ್ಬುಡೋರು."

"ಅದು ಆ ಮನುಷ್ಯನೇ ಅಂತ ನಿಂಗೊತ್ತಾ?"

ಅವಳು ರವಿಕೆಯ ಮಡಿಕೆ ಸರಿಮಾಡುತ್ತಾ, "ಇನ್ಯಾರಕ್ಕ ಇರ್ತಾರೆ?" ಎಂದಳು. ವಕೀಲರು ಹೇಳಿಕೊಟ್ಟ ಮಾತೋ, ಅವಳೇ ಕಂಡದ್ದೋ, ಕಾಣಬೇಕೆಂದು ಆಸೆಪಟ್ಟದ್ದೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೆಂದು ಅನ್ನಿಸಲಿಲ್ಲ.

ಅವಳು ಹೋದ ಮೇಲೆ ಅತ್ತೆ ಬಾಗಿಲಿಗೆ ಬಂದರು. "ಅಯ್ಯೋ ಅನ್ಸುತ್ತೆ. ಆದ್ರೂ ಸುಮ್ಕಿದ್ಬುಡಮ್ಮ. ನಂಗೆ ವಾಂತಿ ಬಂದಿತ್ತು, ನಂಗೇನೂ ಕೇಳಿಸ್ಲಿಲ್ಲ ಅಂತ ಯೇಳ್ಬುಟ್ಟಿದ್ದೀನಿ. ನಿಂಗೂ ವಾಂತಿ ಬಂದಿತ್ತು ಅನ್ನು."

"ಇಬ್ರಿಗೂ ಒಟ್ಟಿಗೇ ಬಂತಾ ಅಂತಾರೆ ಅತ್ತೆ."

"ಒಂದೇ ಬಸ್ನಾಗೆ ಬಂದ್ವಲ್ಲ, ಬರ್ಬಾರ್ದಾ?"

ಆ ವಾರದಿಂದ ನನಗೊಂದು ಚಟ ಹಿಡಿಯಿತು. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಗುರುತಿಲ್ಲದವರು ಯಾವ ಭಾಷೆಯಲ್ಲಿ ಮಾತು ಶುರು ಮಾಡುತ್ತಾರೆಂದು ಕಿವಿಗೊಟ್ಟು ಕೇಳುವುದು. ಹುಟ್ಟಿದಾಗಿನಿಂದ ನಿಯಮವೆಂದು ತಿಳಿದದ್ದು ನಿಯಮ ಹೌದೋ ಅಲ್ಲವೋ ನೋಡಬೇಕಿತ್ತು. ಹೆಚ್ಚಿನವರು ತೆಲುಗಿನಲ್ಲೇ ಶುರು ಮಾಡುತ್ತಿದ್ದರು. ಸಮಾಧಾನವಾಗುತ್ತಿತ್ತು. ಒಂದು ದಿನ ಲೇಪಾಕ್ಷಿಯ ಬಸ್ಸಿನಲ್ಲಿ ಹುಲ್ಲಿನ ಹೊರೆಯ ಅಜ್ಜಿಯೊಬ್ಬಳು ಹತ್ತಿ, ನನ್ನ ಮುಖ ನೋಡಿ, "ಒಸಿ ಜರುಗಮ್ಮಿ, ಏನಂಗೆ ಅಗ್ಲುಕ್ಕೆ ಕುಂತಿದ್ದೀಯಾ" ಎಂದಳು.

ಜರುಗಿ ಜಾಗ ಬಿಟ್ಟು ಕೇಳಿದೆ, "ನಂಗೆ ಕನ್ನಡ ಬರುತ್ತೆ ಅಂತ ಹೆಂಗೆ ಗೊತ್ತಾಯ್ತಜ್ಜಿ?"

"ಈಗ್ತಾನೆ ಫೋನ್ನಾಗೆ ಬೊಬ್ಬೆ ಹೊಡಿತಿದ್ದಲ್ಲ, ಬೇಳೆ ನೆನೆ ಹಾಕಿ ಅಂತ! ಕೆಳಗಿದ್ದೋರಿಗೂ ಕೇಳುಸ್ತು."

ಆಗ ನನ್ನ ಲೆಕ್ಕ ಪೂರ್ತಿ ಕುಸಿಯಿತು. ಟೀ ಅಂಗಡಿಯಲ್ಲಿ ಫ್ಲೆಕ್ಸಿನವನೂ ನನ್ನಂತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದನೇ? ಅದನ್ನು ಕೇಳಿಸಿಕೊಂಡೇ ನರೆಗೂದಲಿನವನು ಕನ್ನಡದಲ್ಲಿ ಮಾತಾಡಿಸಿದನೇ? ಕಣ್ಣು ಮುಚ್ಚಿ ನೆನೆಸಿಕೊಂಡೆ. ಅವನ ಬೆನ್ನು ಕಂಡಿತು. ಬಲಗೈ ಕಿವಿಯಿಂದ ಇಳಿದು ಜೇಬಿಗೆ ಹೋದದ್ದು ಕಂಡಿತು. ಸ್ಪಷ್ಟವಾಗಿಯೇ ಕಂಡಿತು. ಆದರೆ ಅಲ್ಲಿಯವರೆಗೆ ಅಷ್ಟೊಂದು ಸಲ ನೆನೆಸಿಕೊಂಡಾಗ ಒಮ್ಮೆಯೂ ಆ ಕೈ ಕಂಡಿರಲಿಲ್ಲ. ಅದು ಅವತ್ತಿನದೋ, ಅಜ್ಜಿಯ ಮಾತು ಕೇಳಿದ ಮೇಲೆ ನಾನೇ ತಂದು ಸೇರಿಸಿದ್ದೋ? ಟೀವಿಯಲ್ಲಿ ಆ ಘಟನೆಯನ್ನು ಗೊಂಬೆಗಳಂತೆ ಮಾಡಿ ತೋರಿಸಿದ್ದರು. ಅದರಲ್ಲಿ ಅವನು ಎಡಗೈಯಲ್ಲಿ ಗುಂಡು ಹಾರಿಸುತ್ತಾನೆ. ಕೆಲವು ದಿನ ನನ್ನ ನೆನಪಿನಲ್ಲೂ ಎಡಗೈಯೇ ಇತ್ತು. ನನ್ನ ಕಣ್ಣೆದುರೇ ನಡೆದದ್ದನ್ನು ನಾನು ಯಾರಿಂದಲೋ ಸಾಲ ತಂದುಕೊಳ್ಳುತ್ತಿದ್ದೆ.

ಸಾಕ್ಷಿಗೆ ಕರೆ ಬಂದದ್ದು ಅನಂತಪುರದ ಕೋರ್ಟಿನಿಂದ. ಗಂಡ ಜೊತೆಗೆ ಬಂದರು. ದಾರಿಯುದ್ದಕ್ಕೂ ಒಂದೇ ಮಾತು, "ಕೇಳಿದ್ದಕ್ಕೆ ಉತ್ತರ ಕೊಡು, ಬರ್ತಾ ಇರು. ಪಾಠ ಮಾಡೋಕೆ ನಿಂತ್ಕೋಬೇಡ."

ನೀರು ಬರುತ್ತಿದೆಯೇ ಎಂದದ್ದು, ಎರಡು ಸದ್ದು, ಟೈಲ್ಸು, ವೀಳ್ಯದೆಲೆಯ ಮೇಜು, ಎಲ್ಲ ಹೇಳಿದೆ. ಅವನು ಕಟಕಟೆಯಲ್ಲಿ ತಲೆ ತಗ್ಗಿಸಿಕೊಂಡಿದ್ದ. ಅವನ ಕಡೆಯ ವಕೀಲರು ಎದ್ದು ಟೀ ಅಂಗಡಿಗೆ ಬಂದರು. ಕೇಳಿದ ಮಾತನ್ನು ಹಾಗೆಯೇ ಹೇಳಿ ಎಂದರು. "ಉಂಡೇನ್ಲಾ" ಎಂದೆ. ಅಷ್ಟು ದೊಡ್ಡ ಕೋಣೆಯಲ್ಲಿ ಆ ಮಾತು ಬಹಳ ಚಿಕ್ಕದಾಗಿ ಕೇಳಿಸಿತು. ಬರೆದುಕೊಳ್ಳುವವರು ತಲೆಯೆತ್ತಿದರು. ತಿಂದೆಯಾ ಎಂದರ್ಥ ಎಂದು ತೆಲುಗಿನಲ್ಲಿ ಹೇಳಿದೆ. ನಮ್ಮ ಕಡೆ ಗುರುತಿಲ್ಲದವರ ಜೊತೆ ಸಾಮಾನ್ಯವಾಗಿ ಕನ್ನಡದಲ್ಲಿ ಶುರು ಮಾಡುವುದಿಲ್ಲ ಎಂಬುದನ್ನೂ ಹೇಳಿದೆ. ವಕೀಲರ ಮುಖ ಅರಳಿತು.

"ಅಂಟೇ ಇದ್ದರಿಕೀ ಮುಂದೇ ಪರಿಚಯಂ ಉಂದನ್ನಮಾಟ. ಅವುನಾ ಕಾದಾ?"

ಅಂದರೆ ಇಬ್ಬರಿಗೂ ಮೊದಲೇ ಪರಿಚಯ ಇತ್ತು. ಹೌದೋ ಅಲ್ಲವೋ.

ಹೌದು ಎಂಬುದು ನಾಲಿಗೆಯ ತುದಿಯಲ್ಲಿತ್ತು. ಆ ಕೈ ಕಿವಿಯಿಂದ ಇಳಿಯುವುದು ಮತ್ತೆ ಕಂಡಿತು. "ಸಾಮಾನ್ಯವಾಗಿ ಎಂದೆ. ಯಾವಾಗಲೂ ಎಂದು ಹೇಳಲಾರೆ. ಅವರಿಗೆ ಪರಿಚಯ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ" ಎಂದೆ. ಅವರು ಅದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳಿದರು. ನ್ಯಾಯಾಧೀಶರು, ಸಾಕ್ಷಿಗೆ ಗೊತ್ತಿಲ್ಲ ಎನ್ನುತ್ತಿದ್ದಾರೆ, ಮುಂದಕ್ಕೆ ಹೋಗಿ ಎಂದರು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಮಂಟಪದಲ್ಲಿ ನೋಡಿದಂತೆಯೇ ನೋಡಿದನೆಂದು ಅನ್ನಿಸಿತು. ಅದನ್ನೂ ನಂಬಲಾರೆ.

ಹೊರಗೆ ಬೇವಿನ ಮರದ ಕೆಳಗೆ ಅವನ ಹೆಂಡತಿ ಕೂತಿದ್ದಳು. ತಪ್ಪಿಸಿಕೊಂಡು ಹೋಗೋಣ ಎಂದು ಗಂಡ ಸನ್ನೆ ಮಾಡಿದರು. ಆಗಲಿಲ್ಲ. ಅವಳು ಎದ್ದು ಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ಒಂದು ಕೇಳ್ತೀನಿ, ನಿಜ ಯೇಳಕ್ಕ. ಅವರಿಬ್ರಿಗೂ ಗುರ್ತಿತ್ತು ಅಂತ ನಿಂಗನ್ಸುತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅನ್ಸುತ್ತೆ ಕಣಮ್ಮ."

"ಮತ್ತೆ ಅದನ್ನೇ ಒಳ್ಗೆ ಯೇಳ್ಬೋದಾಗಿತ್ತಲ್ಲ?"

"ಅನ್ಸೋದನ್ನ ಅಲ್ಲಿ ಹೇಳ್ಬಾರ್ದು. ಗೊತ್ತಿರೋದನ್ನ ಮಾತ್ರ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಬ್ರೇ ಮಾಡವ್ರೆ ಅಂತ ಪೊಲೀಸ್ನೋರು ಬರ್ದವ್ರಲ್ಲ, ಅದೇನು ಗೊತ್ತಿದ್ದು ಬರ್ದಿದ್ದಾ ಅಕ್ಕ? ಅವ್ರಿಗೂ ಅನ್ಸಿದ್ದೇ ಅಲ್ವಾ?"

ಗಂಡ, ಬಸ್ಸಿನ ಹೊತ್ತಾಯಿತು ಎಂದರು. ವಕೀಲರು ಮೆಟ್ಟಿಲಿಳಿದು ಬರುತ್ತಿದ್ದರು, ಅವಳು ಅವರ ಹಿಂದೆ ಹೋದಳು.

ತೀರ್ಪು ಇನ್ನೂ ಬಂದಿಲ್ಲ. ಫ್ಲೆಕ್ಸ್ ಅಂಗಡಿಯ ಶಟರಿನ ಮೇಲೆ ಬೇರೆಯವರ ಫೋಟೋಗಳನ್ನು ಅಂಟಿಸಿದ್ದಾರೆ. ಅವಳು ಈಗಲೂ ಅದೇ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ನನ್ನ ರವಿಕೆಗಳನ್ನು ಬೇರೆ ಕಡೆ ಕೊಡುತ್ತಿದ್ದೇನೆ. ಕೋರ್ಟಿನಲ್ಲಿ ನಾನು ಅಂದದ್ದು ಸರಿಯಾಗಿಯೇ ಇತ್ತು ಎಂದು ಬೆಳಿಗ್ಗೆ ಅನ್ನಿಸುತ್ತದೆ. ಕಾಲೇಜಿಗೆ ಹೋಗುವಾಗ ಅವಳ ಹೊಲಿಗೆ ಯಂತ್ರದ ಸದ್ದು ಬೀದಿಗೆ ಕೇಳಿಸಿದರೆ, ನಾನು ಜಾಗರೂಕಳಾಗಿದ್ದೆನೋ ಹೆದರಿದ್ದೆನೋ ಎಂಬುದೂ ಗೊತ್ತಾಗದೆ, ಒಮ್ಮೊಮ್ಮೆ ಆಚೆ ಬೀದಿಯಿಂದ ಸುತ್ತು ಹಾಕಿಕೊಂಡು ಹೋಗುತ್ತೇನೆ.